ಕುರ್ಚಿಯ ಹಿಂಗಾಲು

ನಾಡಗೀತೆಗೆಂದು ಎದ್ದು ನಿಂತಿದ್ದ ವೇದಿಕೆಯ ಮೇಲಿನವರೆಲ್ಲ ಮತ್ತೆ ಕೂತಾಗ ಗೌತಮನ ಕಣ್ಣಿಗೆ ಆ ಬಿಳಿ ಗೆರೆ ಬಿತ್ತು. ಅವನ ಎಡಗಡೆಗೆ ದುಂಡಪ್ಪ ಸಾವಕಾರರು ಕೂತರು. ಧೋತರದ ಚುಂಗು ಸರಿಮಾಡಿಕೊಂಡು, ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲೂರಿ, ತಮ್ಮ ಭಾರವನ್ನು ದಾನ ಕೊಡುವವರ ಹಾಗೆ ನಿಧಾನವಾಗಿ ಅದಕ್ಕೆ ಒಪ್ಪಿಸಿದರು. ಕೆಂಪು ಪ್ಲಾಸ್ಟಿಕ್ ಕುರ್ಚಿ. ಅಧ್ಯಕ್ಷರದೆಂದು ಗುರುತಾಗಲಿ ಎಂದು ಅದರ ಬೆನ್ನಿಗೊಂದು ಬಿಳಿ ಟವೆಲು ಹೊದಿಸಿದ್ದರು. ಅವರ ಭಾರ ಇಳಿಯುತ್ತಿದ್ದಂತೆ ಅದರ ಒಂದು ಹಿಂಗಾಲು ತುಸುವೇ ಹೊರಕ್ಕೆ ಸರಿಯಿತು. ಕಾಲು ಆಸನಕ್ಕೆ ಕೂಡುವ ಮಡಿಕೆಯಲ್ಲಿ, ಯಾರೋ ಉಗುರಿನಿಂದ ಗೀರಿದ ಹಾಗೆ, ಕೆಂಪಿನೊಳಗಿಂದ ಒಂದು ಬಿಳುಪು ಎದ್ದುಬಂತು. ಸಾವಕಾರರು ಮೈಕಿನ ಕಡೆ ಮುಂದಕ್ಕೆ ಬಾಗಿದರು, ಗೆರೆ ಮಸುಕಾಯಿತು. ಹಿಂದಕ್ಕೆ ಒರಗಿದರು, ಗೆರೆ ಬೆಳ್ಳಗಾಯಿತು. ಮನೋಳಿಯ ಹೈಸ್ಕೂಲಿನ ಅಂಗಳದಲ್ಲಿ, ಶಾಮಿಯಾನದ ಕೆಳಗೆ, ಊರಿಗೆ ಊರೇ ನೋಡುತ್ತಿದ್ದಾಗ ಆ ಗೆರೆ ಉಸಿರಾಡುತ್ತಿತ್ತು. ನೋಡಿದವನು ಅವನೊಬ್ಬನೇ.

ನೋಡದೆ ಇರಲು ಅವನಿಗೆ ಬರುತ್ತಿರಲಿಲ್ಲ. ಧಾರವಾಡದ ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಯಂತ್ರದ ಎರಡು ದವಡೆಗಳ ನಡುವೆ ಕಚ್ಚಿಸಿ, ಎಳೆದು, ಅವು ಬೆಳ್ಳಗಾಗುವುದನ್ನು ಕಾಯುತ್ತ ಅವನು ತನ್ನ ಯೌವನ ಕಳೆದಿದ್ದ. ಅದಕ್ಕೇ ಅವನಿಗೆ ಡಾಕ್ಟರೇಟ್ ಬಂದದ್ದು, ಅದಕ್ಕೇ ಇವತ್ತು ಈ ಸತ್ಕಾರ. ಬೈಲಹೊಂಗಲದ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳುವಾಗ ಅವನು ಅದನ್ನೇ ತನಗೆ ಪ್ರಿಯವಾದ ಮಾತುಗಳಲ್ಲಿ ಹೇಳುತ್ತಿದ್ದ: ಬಿಳುಪು ಎಂದರೆ ಬಣ್ಣ ಅಲ್ಲ. ಒಳಗೆ ಉದ್ದುದ್ದ ಅಣುಸರಪಳಿಗಳು ಬಾಚದ ಕೂದಲಿನಂತೆ ಒಂದಕ್ಕೊಂದು ಸಿಕ್ಕು ಬಿದ್ದಿರುತ್ತವೆ. ಎಳೆದಾಗ ಅವು ತಟ್ಟನೆ ಹರಿಯುವುದಿಲ್ಲ, ಒಂದರಿಂದೊಂದು ಜಾರುತ್ತವೆ. ಜಾರಿದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಬಿಲಗಳು ಬೀಳುತ್ತವೆ, ಬೆಳಕು ಆ ಬಿಲಗಳಲ್ಲಿ ಚದುರಿ ಬೆಳ್ಳಗೆ ಕಾಣುತ್ತದೆ. ಕಬ್ಬಿಣವನ್ನು ಎಷ್ಟು ಭಾರ ತಡೆಯುತ್ತೀಯ ಎಂದು ಕೇಳಿದರೆ ಸಾಕು. ಪ್ಲಾಸ್ಟಿಕ್ಕನ್ನು ಎಷ್ಟು ಹೊತ್ತು ಎಂದೂ ಕೇಳಬೇಕು. ಒಂದು ಗಳಿಗೆ ತಡೆದ ಭಾರವನ್ನೇ ಅದು ಇಡೀ ಮಧ್ಯಾಹ್ನ ತಡೆಯಲಾರದು, ಗೊತ್ತಾಗದ ಹಾಗೆ ಬಗ್ಗುತ್ತ, ತೆವಳುತ್ತ ಹೋಗುತ್ತದೆ. ಬಿಸಿಲುಂಡ ಕುರ್ಚಿಯಾದರೆ ತೆವಳುವ ತಾಳ್ಮೆಯೂ ಇರುವುದಿಲ್ಲ. ಹಿಂದಿನ ಬೆಂಚಿನವರು ನಗುತ್ತಿದ್ದರು. ಮದುವೆಗಳಲ್ಲಿ ಅವನು ಊಟದ ಎಲೆ ಬಿಟ್ಟು ಮಂದಿ ಕೂತ ಕುರ್ಚಿಗಳ ಕಾಲುಗಳನ್ನೇ ದಿಟ್ಟಿಸುವುದನ್ನು ಕಂಡು ಹೆಂಡತಿ ಪ್ರಜ್ಞಾ, "ಮಂದಿ ಏನರೆ ತಪ್ಪು ತಿಳಕೊಂಡಾರ, ಮ್ಯಾಲೆ ನೋಡ್ರಿ," ಎಂದು ಮೊಣಕೈಯಿಂದ ತಿವಿಯುತ್ತಿದ್ದಳು.

ಹೇಳಿಬಿಡಬೇಕು. ಅದಕ್ಕೇನು, ಬಾಗಿ ಕಿವಿಯಲ್ಲಿ ಒಂದು ಮಾತು: ಈ ಕುರ್ಚಿ ಸರಿ ಇಲ್ಲ, ಬೇರೆ ತರಿಸುತ್ತೇನೆ. ಆದರೆ ಏನೆಂದು ಕರೆಯುವುದು? ಬಸ್ಸಿನಲ್ಲಿ ಯರಗಟ್ಟಿ ದಾಟಿದಾಗಿನಿಂದ ಅವನು ಇದನ್ನೇ ಯೋಚಿಸಿದ್ದ. ಊರೆಲ್ಲ ಅವರನ್ನು ಸಾವಕಾರ್ರು ಎನ್ನುತ್ತದೆ. ಅವನ ಅಪ್ಪ ಶಟ್ಟೆಪ್ಪ ಹಾಗೆ ಅನ್ನುವಾಗ ಆ ಮಾತಿನ ಕೊನೆಗೊಂದು ಉಸಿರು ಸೇರುತ್ತಿತ್ತು, ಭಾರ ಇಳಿಸಿದವನ ಉಸಿರು. ಇವತ್ತು ತಾನು ‘ದುಂಡಪ್ಪನವರೇ’ ಎನ್ನಬೇಕು ಎಂದು ಅವನು ನಿರ್ಧರಿಸಿದ್ದ. ವೇದಿಕೆ ಹತ್ತಿದಾಗ ಅವರು ಹೆಗಲ ಮೇಲೆ ಕೈ ಹಾಕಿ "ಬಾರಪಾ ಗೌತಮಾ" ಎಂದಿದ್ದರು. ಅವನು ಬರೇ ನಕ್ಕಿದ್ದ. ಹೆಸರಿಲ್ಲದ ನಗು. ಈಗ ಕರೆಯಲೇಬೇಕು. ಕರೆದು ಹೇಳಬೇಕಾದದ್ದಾದರೂ ಏನು? ‘ಏಳ್ರಿ, ಈ ಕುರ್ಚಿ ಬಿಡ್ರಿ.’ ಊರಾಚೆಯ ತಮ್ಮ ಓಣಿಯ ಒಬ್ಬ ಹುಡುಗ ಈ ಮನುಷ್ಯನಿಗೆ, ಈ ಅಂಗಳದಲ್ಲಿ, ಹೇಳಬಹುದಾದ ಮಾತುಗಳಲ್ಲೆಲ್ಲ ಇದೇ ವಿಜ್ಞಾನವಾಗಿ ಬರಬೇಕೆ ಎಂದು ಅವನಿಗೆ ನಗು ಬಂತು. ಮುಂದೆ ಕೂತ ಮಂದಿ ಆ ನಗುವನ್ನು ಸಂತೋಷವೆಂದು ತಿಳಿದು ತಾವೂ ನಕ್ಕರು.

ಹೆಡ್‌ಮಾಸ್ತರ ನಿಜಗುಣಪ್ಪನವರು ಮೈಕು ಊದಿ ನೋಡಿ, ಮೊದಲಿಗೆ ಕ್ಷಮೆ ಕೇಳಿದರು. ಸೋಫಾ ಕುರ್ಚಿಗಳೆಲ್ಲ ಸಿರಸಂಗಿಯ ಒಂದು ಮದುವೆಗೆ ಹೋಗಿದ್ದರಿಂದ ಅತಿಥಿಗಳನ್ನು ಸಾದಾ ಕುರ್ಚಿಯ ಮೇಲೆ ಕೂರಿಸಬೇಕಾಯಿತು, ಯಾರೂ ಬೇಸರ ಮಾಡಿಕೊಳ್ಳಬಾರದು ಎಂದರು. ಆಮೇಲೆ ಶಾಲೆಯ ಸುಧಾರಣಾ ಸಮಿತಿಯ ಅಧ್ಯಕ್ಷರು ಎರಡು ಮಾತು ಆಡಬೇಕು ಎಂದರು. ದುಂಡಪ್ಪ ಸಾವಕಾರರು ಎದ್ದು ಮೈಕಿನತ್ತ ನಡೆದರು. ಕುರ್ಚಿ ಖಾಲಿಯಾಯಿತು. ಭಾರ ಹೋದೊಡನೆ ಗೆರೆ ಮಾಯವಾಗಿ, ಕಾಲು ಏನೂ ಆಗದ ಹಾಗೆ ಕೆಂಪಗೆ ನಿಂತಿತು. ಈಗ ಸುಲಭವಿತ್ತು. ಅದನ್ನೆತ್ತಿ ಹಿಂದಿನ ಸಾಲಿಗೆ ದಬ್ಬಿ, ಅಲ್ಲಿಂದ ಬೇರೊಂದನ್ನು ಎಳೆದು ಟವೆಲು ಹೊದಿಸಿದರೆ ಯಾರೂ ಕೇಳುತ್ತಿರಲಿಲ್ಲ. ಗೌತಮ ಕೈ ಚಾಚಿದ. ಅಷ್ಟರಲ್ಲಿ ಮೈಕಿನಿಂದ, "ಇವರಪ್ಪ ಶಟ್ಟೆಪ್ಪನ ಸುದ್ದಿ ನಿಮಗ ಗೊತ್ತಿರಬೇಕು," ಎಂದು ಕೇಳಿಸಿತು. ಅವನ ಕೈ ನಡುದಾರಿಯಲ್ಲಿ ನಿಂತು, ತೋರಿಕೆಗೆ ಟವೆಲಿನ ಒಂದು ಸುಕ್ಕು ನೀವಿ, ವಾಪಸು ಬಂತು.

ಸುದ್ದಿ ಎಲ್ಲರಿಗೂ ಗೊತ್ತಿತ್ತು. ಶಟ್ಟೆಪ್ಪ ಪಂಚಾಯತಿಗೆ ಆರಿಸಿ ಬಂದ ಮೊದಲ ದಿನ ಉಳಿದ ಮೆಂಬರುಗಳೆಲ್ಲ ಕುರ್ಚಿಗಳ ಮೇಲೆ ಕೂತಿದ್ದರೆ ಅವನು ಬಾಗಿಲಿಗೆ ಆತು ನಿಂತಿದ್ದ. "ಆಗ ನಾ ಎದ್ದು ಹೋಗಿ ಕೈ ಹಿಡದು ಎಳಕೊಂಡ ಬಂದ್ನಿ. ಏ ಶಟ್ಟೆಪ್ಪಾ, ನೀನೂ ಮೆಂಬರ ಅದಿ, ಕುಂದ್ರು ಅಂದ್ನಿ. ನಾನ ಕುಂದರಿಸಿದ್ನಿ. ಅವತ್ತ ಆ ಕುರ್ಚಿ ಕೊಡದಿದ್ರ ಇವತ್ತ ಈ ಡಾಕ್ಟರ್ ಎಲ್ಲಿ ಇರತಿದ್ದ, ಹೇಳ್ರಿ ನೋಡೂಣ." ಚಪ್ಪಾಳೆ. ಸುಳ್ಳಲ್ಲ, ನಡೆದದ್ದೇ. ಮದುವೆಗಳಲ್ಲಿ, ಮಣ್ಣಿಗೆ ಬಂದಾಗ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಗೌತಮ ಇದನ್ನು ಎಷ್ಟೋ ಸಲ ಕೇಳಿದ್ದ. ಮೊದಮೊದಲು ಆ ಕಥೆಯಲ್ಲಿ ಅಪ್ಪ ಒಂದೆರಡು ಮಾತಾದರೂ ಆಡುತ್ತಿದ್ದ. ಹೇಳಿ ಹೇಳಿ ಅಪ್ಪನ ಮಾತುಗಳು ಉದುರಿ, ಈಗ ಅವನಿಗೆ ಹಿಡಿಯಲು ಕೊಟ್ಟ ಒಂದು ಕೈ ಮಾತ್ರ ಉಳಿದಿತ್ತು. ಆ ಪಂಚಾಯತಿ ಮುಗಿಯುವ ತನಕ ಅಪ್ಪ ಅದೇ ಕುರ್ಚಿಯ ತುದಿಯಲ್ಲಿ ಕೂತ. ಬೆನ್ನು ತಾಕಿಸದೆ, ಯಾರಾದರೂ ಬಂದರೆ ಏಳಲು ತಯಾರಾಗಿ. ಮೀಟಿಂಗಿನಿಂದ ಬಂದ ದಿನ ಅವ್ವ ಲಗಮವ್ವ ಅವನ ತೊಡೆಗಳಿಗೆ ಎಣ್ಣೆ ತಿಕ್ಕುತ್ತ, "ಹೊಲದಾಗ ದುಡದ್ರೂ ಇಷ್ಟ ಕಾಲ ನೋಯೂದಿಲ್ಲ, ಅದೇನ್ ಕುರ್ಚಿಯೋ," ಎನ್ನುತ್ತಿದ್ದಳು.

ಮೈಕಿನ ಮುಂದಿನ ಆ ಅಗಲ ಬೆನ್ನನ್ನು ನೋಡುತ್ತಿದ್ದಂತೆ ಅವನಿಗೆ ಆಸೆಯಾಯಿತು. ಎಷ್ಟು ಸಣ್ಣ ಆಸೆ ಎಂದರೆ ಅದನ್ನು ಪಾಪವೆಂದು ಕರೆಯಲೂ ನಾಚಿಕೆಯಾಗಬೇಕು. ಸಾವಕಾರರು ಬಂದು ಕೂರುತ್ತಾರೆ. ಚಟ್ ಎಂದು ಒಂದು ಸದ್ದು, ಧೋತರ, ಗಾಳಿಯಲ್ಲಿ ಎರಡು ಕಾಲು, ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುವುದು. ಮುಂದೆ ಇಪ್ಪತ್ತು ವರ್ಷ ಊರು ಹೇಳಿಕೊಳ್ಳಲು ಕುರ್ಚಿಯದೇ ಇನ್ನೊಂದು ಕಥೆ. ಕಲ್ಪಿಸಿಕೊಂಡು ಅವನಿಗೆ ಹಿತವೆನಿಸಿತು. ಹಿಂದೆಯೇ, ಆ ವಯಸ್ಸಿಗೆ ಸೊಂಟದ ಎಲುಬು ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ ಎಂಬುದು ನೆನಪಾಗಿ ಆ ಹಿತ ಆರಿಹೋಯಿತು. ಈ ಮನುಷ್ಯ ಕೆಟ್ಟವನಲ್ಲ. ಅಪ್ಪ ಸತ್ತ ದಿನ ಮೊದಲು ಬಂದವರು ಇವರು. ಹಾಗಾದರೆ ಹೇಳಬೇಕು, ಕಥೆ ಮುಗಿದ ಕೂಡಲೆ. ಆದರೆ ತಾನು ಸುಮ್ಮನಿರುವುದಕ್ಕೆ ಶಾಸ್ತ್ರದಲ್ಲಿಯೂ ಆಧಾರವಿದೆಯಲ್ಲ: ಬೆಳ್ಳಗಾದ ಕುರ್ಚಿಗಳೆಲ್ಲ ಮುರಿಯುವುದಿಲ್ಲ, ಎಷ್ಟೋ ಕುರ್ಚಿಗಳು ಆ ಗೆರೆ ಹೊತ್ತುಕೊಂಡೇ ವರ್ಷಗಟ್ಟಲೆ ಬದುಕುತ್ತವೆ. ಖಚಿತವಾಗಿ ಹೇಳಲು ಬಾರದ್ದನ್ನು ವಿಜ್ಞಾನಿಯಾದವನು ಹೇಳಬಾರದು. ತನ್ನ ವಿದ್ಯೆ ಇಷ್ಟು ಬೇಗ ತನ್ನ ಕಡೆಯ ವಕೀಲನಾದದ್ದು ಅವನಿಗೇ ಆಶ್ಚರ್ಯ.

ಸಾವಕಾರರು ಮಾತು ಮುಗಿಸಿ ಹೊರಳಿ ಬಂದರು, ಆದರೆ ಕೂರಲಿಲ್ಲ. ಟವೆಲು ಹೊದಿಸಿದ ತಮ್ಮ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಮೈಕು ಬೇಡದ ದೊಡ್ಡ ದನಿಯಲ್ಲಿ, "ಇವತ್ತ ಅಧ್ಯಕ್ಷರ ಕುರ್ಚಿ ನಂದಲ್ಲ. ಗೌತಮಾ, ಏಳಪಾ. ಇಲ್ಲಿ ಬಾ. ಇದರ ಮ್ಯಾಲೆ ನೀ ಕುಂದ್ರು," ಎಂದರು.

ಇಡೀ ಅಂಗಳ ಚಪ್ಪಾಳೆ ತಟ್ಟಿತು. ನಿಜಗುಣಪ್ಪನವರ ಕಣ್ಣಲ್ಲಿ ನೀರು ಬಂತು. ಗೌತಮ ಎದ್ದು ನಿಂತ. ಒಲ್ಲೆ ಎನ್ನುವಂತಿಲ್ಲ. ಒಲ್ಲೆ ಎಂದರೆ ಕೊಟ್ಟ ಕುರ್ಚಿಯನ್ನು ತಿರಸ್ಕರಿಸಿದ ಸೊಕ್ಕಾದರೂ ಆಗುತ್ತದೆ, ಕೂರಲು ಧೈರ್ಯವಿಲ್ಲದ ಅಳುಕಾದರೂ ಆಗುತ್ತದೆ, ನೋಡುವವರಿಗೆ ಯಾವುದು ಬೇಕೋ ಅದು. ಇದು ಮುರಿಯುತ್ತದೆ ಎಂದರೆ, ಇಷ್ಟು ಹೊತ್ತು ಅವರನ್ನು ಯಾಕೆ ಕೂರಿಸಿದೆ ಎಂಬ ಪ್ರಶ್ನೆ ಬರುತ್ತದೆ. ಜಮಖಾನೆಯ ಮೇಲೆ ಮುದುಕಿಯರ ಜೊತೆ ಕೂತಿದ್ದ ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕತ್ತು ಎತ್ತಿ ನೋಡುತ್ತಿದ್ದಳು. ಅವನು ಸಾವಕಾರರ ಕುರ್ಚಿಗೆ ಹೋದ, ಅವರು ಅವನ ಕುರ್ಚಿಯಲ್ಲಿ ಕೂತು ನೆಮ್ಮದಿಯಾಗಿ ಹಿಂದಕ್ಕೆ ಒರಗಿದರು.

ಅವನು ಕೂರಲಿಲ್ಲ, ಕೂತವನಂತೆ ಕಂಡ. ಆಸನದ ಮುಂದಿನ ಅಂಚಿಗೆ ಮೈ ತಾಕಿಸಿ, ಭಾರವನ್ನೆಲ್ಲ ತೊಡೆಗಳಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಅಂಗೈಗಳನ್ನು ಮೊಣಕಾಲ ಮೇಲಿಟ್ಟ. ಮೊದಲು ಅದು ಕಷ್ಟವೇನೂ ಆಗಲಿಲ್ಲ. ಶಾಲು ಹೊದಿಸುವವರು ಬಂದರು, ಹಾರ ಹಾಕುವವರು ಬಂದರು. ಪ್ರತಿ ಸಲ ಎದ್ದು ನಿಲ್ಲುವ ನೆಪ ಸಿಕ್ಕಿತು. ಆಮೇಲೆ ಭಾಷಣಗಳು ಸುರುವಾದವು. ಹಳೆಯ ಮಾಸ್ತರರೊಬ್ಬರು ಮಲಪ್ರಭೆಯ ಮಹಾಪೂರದಿಂದ ಹಿಡಿದು ಶಾಲೆಯ ಚರಿತ್ರೆ ಹೇಳತೊಡಗಿದರು. ತೊಡೆಗಳು ಮೊದಲು ಬಿಸಿಯಾದವು, ನಂತರ ಉರಿದವು, ನಂತರ ಸಣ್ಣಗೆ ನಡುಗಲು ಹತ್ತಿದವು. ಎಷ್ಟು ಭಾರ ಅಲ್ಲ, ಎಷ್ಟು ಹೊತ್ತು. ತನ್ನ ಪ್ರಿಯವಾದ ವಾಕ್ಯವನ್ನು ಅವನು ಮೊದಲ ಸಲ ಮಾಂಸದಲ್ಲಿ ಅರ್ಥ ಮಾಡಿಕೊಂಡ. ತುಸು ಹಿಂದಕ್ಕೆ ಸರಿದರೆ ಕುರ್ಚಿ ಕಿರ್ ಎಂದಿತು; ಮತ್ತೆ ತುದಿಗೆ ಬಂದ. ಹೆಂಗಸರ ಸಾಲಿನಲ್ಲಿ ಕೂತ ಪ್ರಜ್ಞಾ ಅವನನ್ನೇ ನೋಡುತ್ತಿದ್ದಳು. ಗದ್ದ ಹಿಂದಕ್ಕೆ ಒಗೆದು ಸನ್ನೆ ಮಾಡಿದಳು: ಹಿಂದೆ ಸರಿದು ಕೂಡ್ರಿ. ಅವನು ಕಾಣದವನಂತೆ ಶಾಮಿಯಾನದ ಝಾಲರಿ ನೋಡಿದ. ಅವಳು ಇನ್ನೊಮ್ಮೆ ಮಾಡಿದಳು, ಈ ಸಲ ಹುಬ್ಬು ಗಂಟಿಕ್ಕಿ. ಮದುವೆಯಾದ ಹೊಸದರಲ್ಲಿ ಅವಳು ಮಾವನ ಜೊತೆ ಇದೇ ವಿಷಯಕ್ಕೆ ಜಗಳ ಆಡಿದ್ದಳು, ಸೊಸೆಯ ಮನೆಯಲ್ಲಿಯೂ ಸೋಫಾದ ಅಂಚಿಗೆ ಕೂರುತ್ತೀರಲ್ಲ ಎಂದು.

ನಿಜಗುಣಪ್ಪನವರಿಗೂ ಅದು ಕಂಡಿತು. ಅವರು ಮೈಕು ಹಿಡಿದು, ಭಾವನೆಯಿಂದ ಗದ್ಗದಿತರಾಗಿ, "ಒಂದ್ ಮಾತ ಹೇಳಲಿಕ್ಕೇ ಬೇಕು. ನೋಡ್ರಿ, ಎಲ್ಲಾರೂ ನೋಡ್ರಿ ನಮ್ಮ ಗೌತಮ ಸರ್ ಹೆಂಗ ಕುಂತಾರ ಅಂತ. ಇಷ್ಟ ದೊಡ್ಡ ಡಿಗ್ರಿ, ಅಧ್ಯಕ್ಷರ ಕುರ್ಚಿ, ಆದ್ರೂ ಹಿಂದಕ್ಕ ಒರಗಿಲ್ಲ. ಹಿರಿಯರ ಮುಂದ ಹೆಂಗ ಕುಂದರಬೇಕು ಅನ್ನೂದು ಅವರಪ್ಪನಿಂದ ಕಲತಾರ," ಎಂದರು. ಇವತ್ತಿನ ಎಲ್ಲಕ್ಕಿಂತ ಜೋರಾದ ಚಪ್ಪಾಳೆ ಅದಕ್ಕೆ ಬಂತು. ದುಂಡಪ್ಪ ಸಾವಕಾರರು ಕತ್ತು ಹೊರಳಿಸಿ ಅವನನ್ನು ಮೆಚ್ಚುಗೆಯಿಂದ ನೋಡಿದರು. ಪ್ರಜ್ಞಾ ಮುಖ ತಿರುಗಿಸಿದಳು. ಒಂದು ಕ್ಷಣ ಅವನಿಗೆ ತನ್ನ ಇಡೀ ಭಾರವನ್ನು ಹಿಂದಕ್ಕೆಸೆದು, ಕುರ್ಚಿಯನ್ನು ಮುರಿದು, ವೇದಿಕೆಯ ಮೇಲೆ ಅಂಗಾತ ಬಿದ್ದು, ಈ ವಿನಯದಿಂದ ಬಿಡುಗಡೆಯಾಗೋಣ ಅನ್ನಿಸಿತು. ಬೀಳುವವನಾಗಲು ಧೈರ್ಯ ಸಾಲಲಿಲ್ಲ. ತೊಡೆಗಳು ನಡುಗುತ್ತಲೇ ಇದ್ದವು.

ಮಾತಾಡಲು ಎದ್ದಾಗ ಮೊಣಕಾಲು ನಿಲ್ಲದೆ ಅವನು ಮೈಕಿನ ಕಂಬ ಹಿಡಿದುಕೊಂಡ. ಮಂದಿ ಮನಸ್ಸು ತುಂಬಿ ಬಂದಿದೆ ಎಂದುಕೊಂಡರು. ಮನೆಯಲ್ಲಿ ಅವನು ಸೊಗಸಾದ ಭಾಷಣ ತಯಾರಿಸಿದ್ದ; ಪ್ಲಾಸ್ಟಿಕ್ಕಿನ ಒಂದು ಸ್ಕೇಲು ಬಗ್ಗಿಸಿ ಬೆಳ್ಳಗಾಗುವುದನ್ನು ಮಕ್ಕಳಿಗೆ ತೋರಿಸಿ, ಮುರಿಯುವ ಮೊದಲು ವಸ್ತು ನಮಗೆ ಹೇಳುತ್ತದೆ, ನೋಡುವ ಕಣ್ಣು ಬೇಕು, ಎಂದು ಹೇಳುವವನಿದ್ದ. ಸ್ಕೇಲು ಜೇಬಿನಲ್ಲೇ ಇತ್ತು. ಬೆನ್ನ ಹಿಂದೆ ಆ ಕುರ್ಚಿ ಇರುವಾಗ ಅದನ್ನು ಹೊರಗೆ ತೆಗೆಯುವುದಾಗಲಿಲ್ಲ. ಪರಿಶ್ರಮ ಪಡಬೇಕು, ತಂದೆತಾಯಿಗಳ ಋಣ ಮರೆಯಬಾರದು, ಮೊಬೈಲು ಕಡಿಮೆ ನೋಡಬೇಕು ಎಂದು ಯಾರು ಬೇಕಾದರೂ ಆಡಬಹುದಾದ ಮಾತುಗಳನ್ನಾಡಿ ವಾಪಸು ಬಂದು ತುದಿಗೆ ಕೂತ. ಬಹಳ ಛಲೋ ಮಾತಾಡಿದಿ ಎಂದು ಸಾವಕಾರರು ಅವನ ತೊಡೆ ತಟ್ಟಿದರು. ಜೀವ ಹೋದಂತಾಯಿತು.

ಕಾರ್ಯಕ್ರಮ ಮುಗಿದು ಮಂದಿ ಚಹಾದ ಕಡೆ ಹೊರಳಿದಾಗ ಪ್ರಜ್ಞಾ ವೇದಿಕೆಯ ಮೆಟ್ಟಿಲ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು. "ಹಂಗ್ಯಾಕ ಕುಂತಿದ್ರಿ?"

"ಕುರ್ಚಿ ಕಾಲು ಸರಿ ಇರಲಿಲ್ಲ."

"ಸುಳ್ಳ ಹೇಳಬ್ಯಾಡ್ರಿ. ಅವರು ಆರಾಮ ಒರಗಿ ಕುಂತಿದ್ರು ಅದರ ಮ್ಯಾಲೆ. ನೀವು ಕುಂತ ಕೂಡ್ಲೆ ಕಾಲ ಕೆಡತಾವೇನು?"

"ಖರೇನ ಸರಿ ಇಲ್ಲ ಪ್ರಜ್ಞಾ. ಹಿಂದಿನ ಕಾಲಿನಾಗ..."

"ಸರಿ ಇಲ್ಲದ್ದು ಕುರ್ಚಿ ಕಾಲಲ್ರಿ," ಎಂದು ಅವಳು ಅವನ ತೊಡೆಯತ್ತ ನೋಡಿ ಹೇಳಿದಳು. "ನಾ ಅಲ್ಲಿ ಕುಂತು ಆ ಚಪ್ಪಾಳೆ ಕೇಳಬೇಕಾತು."

ಅಷ್ಟರಲ್ಲಿ ವೇದಿಕೆಯ ಮೇಲಿಂದ ಸಾವಕಾರರು ಕೂಗಿದರು. ಫೋಟೊ ತೆಗೆಯಬೇಕಿತ್ತು. "ಏ ಲಗಮವ್ವನ್ನ ಕರೀರಿ! ಹಡದಾಕಿ ಇಲ್ದ ಎಂಥಾ ಫೋಟೊ? ನಡುವ ಕುಂದರಸ್ರಿ ಆಕೀನ." ಹೆಂಗಸರು ನಗುತ್ತ ಅವ್ವನ ಎರಡೂ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದರು. ಅವಳು ಒಲ್ಲೆ ಒಲ್ಲೆ ಎನ್ನುತ್ತ, ನಾಚಿಕೊಳ್ಳುತ್ತ, ಹೊಸ ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಯಾರೋ ಟವೆಲು ಹೊದಿಸಿದ ಕುರ್ಚಿಯನ್ನೇ ಎಳೆದು ನಡುವೆ ಇಟ್ಟರು. ಹೊಲದಲ್ಲಿ ಬಿದ್ದಾಗಿನಿಂದ ನೆಟ್ಟಗಾಗದ ತನ್ನ ಸೊಂಟದ ಮೇಲೆ ಒಂದು ಕೈಯಿಟ್ಟು ಅವಳು ಅದರ ಮುಂದೆ ಹೊರಳಿ ನಿಂತಳು. ಕೂರಲು ಬಾಗಿದಳು.

"ಕುಂದರಬ್ಯಾಡಬೇ!" ಎಂದು ಗೌತಮ ಚೀರಿದ. "ಕುರ್ಚಿ ಮ್ಯಾಲೆ ಕುಂದರಬ್ಯಾಡ!"

ಮೈಕು ಇನ್ನೂ ಆರಿಸಿರಲಿಲ್ಲ. ಅಂಗಳದ ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನು ಹೇಳಿದವು. ಚಹಾದ ಕಪ್ಪು ಬಾಯಿಗಿಟ್ಟವರು ಹಾಗೆಯೇ ನಿಂತರು. ಅವ್ವ ಯಾಕೆ ಎಂದು ಕೇಳಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ. ಆ ಮಾತಿಗೆ ಏನು ಮಾಡಬೇಕೆಂದು ಅವಳ ಮೈಗೆ ಗೊತ್ತಿತ್ತು. ಅವಳು ಇದ್ದಲ್ಲಿಯೇ ಕುಸಿದು, ವೇದಿಕೆಯ ಹಲಗೆಯ ಮೇಲೆ, ಕುರ್ಚಿಯ ಪಕ್ಕಕ್ಕೆ ಕೂತುಬಿಟ್ಟಳು. ಅವಳ ಮೊಣಕಾಲು ಇಷ್ಟು ಬೇಗ ಮಡಚುತ್ತವೆ ಎಂದು ಮಗನಿಗೆ ಗೊತ್ತಿರಲಿಲ್ಲ.

ಮೊದಲು ಮಾತಾಡಿದವರು ದುಂಡಪ್ಪ ಸಾವಕಾರರು. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಏನಿದು ಗೌತಮಾ? ತಾಯಿಗೆ ಹಿಂಗ ಒದರತಾರೇನು? ಯಾವ ಕಾಲದಾಗ ಅದಿ? ಕುಂದರಲಿ ಬಿಡು ಆಕಿ. ಕುರ್ಚಿ ಮ್ಯಾಲೆ ಕುಂದರಾಕ ಈಗ ಯಾರದರೆ ಅಪ್ಪಣೆ ಬೇಕೇನು?" ಮಂದಿ ಹೌದೆಂದು ತಲೆಯಾಡಿಸಿದರು. ತನ್ನ ತಾಯಿಯ ಪರವಾಗಿ ಊರೆಲ್ಲ ತನ್ನ ವಿರುದ್ಧ ನಿಂತದ್ದನ್ನು ಗೌತಮ ನೋಡಿದ. ಇಷ್ಟು ನ್ಯಾಯವಂತ ಊರು ತನ್ನ ಬಾಲ್ಯದಲ್ಲಿ ಎಲ್ಲಿ ಹೋಗಿತ್ತು ಎಂದು ಒಂದು ಯೋಚನೆ ಸುಳಿದು ಹೋಯಿತು. "ಕುರ್ಚಿ ಸರಿ ಇಲ್ರಿ ಸಾವಕಾರ್ರ," ಎಂದ. ಆಡಿದ ಮೇಲೆ ಆ ಕೊನೆಯ ಮಾತು ತನ್ನ ಕಿವಿಗೆ ಬಿತ್ತು, ಅದರ ಹಿಂದಿನ ಉಸಿರಿನ ಸಮೇತ.

ಟವೆಲು ಕಿತ್ತು, ಕುರ್ಚಿಯನ್ನು ಹೊರಳಿಸಿ ಹಿಂಗಾಲು ತೋರಿಸಿದ. ಎಲ್ಲರೂ ಬಗ್ಗಿದರು. ಭಾರವಿಲ್ಲದ ಕಾಲು ಅಪ್ಪಟ ಕೆಂಪಗಿತ್ತು. "ಎಲ್ಲೈತ್ರಿ?" ಎಂದು ನಿಜಗುಣಪ್ಪನವರು ಕನ್ನಡಕ ಏರಿಸಿ ಕೇಳಿದರು. ಅವನು ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಕೈಯಿಂದ ಅದರ ಬೆನ್ನನ್ನು ಹಿಂದಕ್ಕೆ ಅದುಮಿದ. ಹಲ್ಲು ಕಚ್ಚಿ ಅದುಮಿದ. ಮಡಿಕೆಯಲ್ಲಿ ಗೆರೆ ಬೆಳ್ಳಗೆ ಎದ್ದಿತು. ಹೋ ಎಂದರು. ದುಂಡಪ್ಪ ಸಾವಕಾರರು ಮೊಣಕಾಲ ಮೇಲೆ ಕೈಯೂರಿ ಬಹಳ ಹೊತ್ತು ಅದನ್ನು ನೋಡಿದರು. ನಂತರ ತಲೆ ಎತ್ತಿ, "ಯಾವಾಗ ನೋಡಿದಿ ಇದನ್ನ?" ಎಂದರು.

ಈಗ ಎಂದರೆ ಮುಗಿಯುತ್ತಿತ್ತು. ಈಗ, ಅವ್ವ ಬಾಗಿದಾಗ ಎಂದರೆ ಮಗನ ಕಣ್ಣು ಎಷ್ಟು ಚುರುಕು ಎಂದು ಇನ್ನೊಂದು ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಪ್ರಜ್ಞಾ ಮೆಟ್ಟಿಲ ಮೇಲೆ ನಿಂತು ಅವನನ್ನೇ ನೋಡುತ್ತಿದ್ದಳು. ಅವಳ ಮುಂದೆ ತನ್ನ ಕುರ್ಚಿಯ ಮಾತು ನಿಜವಾಗಬೇಕಾದರೆ ಉಳಿದದ್ದನ್ನೂ ಆಡಲೇಬೇಕಿತ್ತು. "ನಾಡಗೀತೆ ಆದ ಕೂಡ್ಲೆ," ಎಂದ. "ನೀವು ಕುಂತಾಗ."

ನಿಜಗುಣಪ್ಪನವರು ಈ ವಾಕ್ಯವನ್ನು ಹೇಗೆ ಸನ್ಮಾನಕ್ಕೆ ಹೊಂದಿಸುವುದೆಂದು ತಿಳಿಯದೆ ಕನ್ನಡಕ ಒರೆಸತೊಡಗಿದರು. ಸಾವಕಾರರು ಅವನನ್ನು ನೋಡಿದರು. ಅವರ ಮುಖದಲ್ಲಿ ಏನೋ ಮೂಡತೊಡಗಿದಾಗ ಗೌತಮ ಬೈಗಳಕ್ಕೆ ಮೈಯೊಡ್ಡಿ ನಿಂತ. ಬಂದದ್ದು ನಗು. ಹೊಟ್ಟೆ ಕುಣಿಸಿ ಬಂದ ಸ್ವಚ್ಛ ನಗು.

"ಅಯ್ಯೋ ಇವನ! ನನಗ ಗೊತ್ತಿರಲಿಲ್ಲೇನು? ಕುಂತ ಕೂಡ್ಲೆ ಕಿರ್ ಅಂತಪಾ ಅದು. ಜೀವ ಕೈಯಾಗ ಹಿಡಕೊಂಡು ಕುಂತಿದ್ನಿ ನಾ. ಅದಕ್ಕ ಅಲ್ಲೇನು ನಿನಗ ಕೊಟ್ಟಿದ್ದು? ನನ್ನ ಭಾರ ಎಲ್ಲಿ ತಡೀತದ ಅದು? ನೀ ಹಗುರ ಅದಿ. ನಿನಗ ತಡೀತದ ಅಂತ ಕೊಟ್ನಿ."

ಎಲ್ಲರೂ ನಕ್ಕರು, ಬಿಡುಗಡೆಯಾದವರಂತೆ. ಗೌತಮ ಆ ಮುಖದಲ್ಲಿ ಹುಡುಕಿದ. ಕುಹಕ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಭಾರವಾದವನು ಮುರುಕು ಕುರ್ಚಿಯನ್ನು ಹಗುರಾದವನಿಗೆ ಕೊಟ್ಟಿದ್ದ, ಅಷ್ಟೇ. ಅದು ಸತ್ಕಾರವೂ ಆದದ್ದು ಅವರಿಗೆ ಅಡಚಣೆಯಾಗಿ ಕಂಡಿರಲಿಲ್ಲ. ಅವಮಾನ ಅಂದುಕೊಳ್ಳಬೇಕೋ, ತನ್ನ ತಪ್ಪು ಅರ್ಧವಾಯಿತೆಂದು ಹಗುರಾಗಬೇಕೋ ತಿಳಿಯಲಿಲ್ಲ. ಮನಸ್ಸು ಮಾತ್ರ ಅವನನ್ನು ಕೇಳದೆ ಹಗುರಾಗಿಬಿಟ್ಟಿತು, ಹಾಗಾದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಗೊತ್ತಿದ್ದೂ ಸುಮ್ಮನಿದ್ದ ಇಬ್ಬರೂ ಒಂದೇ ವೇದಿಕೆಯ ಮೇಲೆ ಅಷ್ಟು ಹೊತ್ತು ಒಬ್ಬರನ್ನೊಬ್ಬರು ಗೌರವಿಸಿದ್ದರು.

"ನನ್ನ ಎಬ್ಬಸ್ತೀರೋ, ಹಿಂಗ ನಕ್ಕೋತ ನಿಂದರ್ತೀರೋ?" ಎಂದು ಕೆಳಗಿನಿಂದ ದನಿ ಬಂತು. ಎಲ್ಲರೂ ಲಗಮವ್ವನನ್ನು ಮರೆತಿದ್ದರು. ಪ್ರಜ್ಞಾ ಓಡಿ ಬಂದು ಕೈ ಕೊಟ್ಟಳು. ಎದ್ದು ನಿಂತ ಅವ್ವ ಸೀರೆಯ ಧೂಳು ಜಾಡಿಸಿಕೊಂಡಳು. ಮಗನ ಕಡೆ ನೋಡಲಿಲ್ಲ. "ಮೊಣಕಾಲ ಹಿಡದಾವು. ನಿಂತು ಫೋಟೊ ತಗಸಾಕ ಆಗೂದಿಲ್ಲ ನನಗ. ಬ್ಯಾರೆ ಕುರ್ಚಿ ತರ್ರಿ," ಎಂದಳು. "ಗಟ್ಟಿ ಇದ್ದದ್ದು."

ಶಾಮಿಯಾನದ ಬೀರಪ್ಪ ಅಷ್ಟು ಹೊತ್ತಿಗೆ ಆ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಹಿಂದಿನ ಗೋಡೆಯ ಹತ್ತಿರ, ಒಂದರೊಳಗೊಂದು ಸೇರಿಸಿಟ್ಟ ಉಳಿದ ಕುರ್ಚಿಗಳ ಮೇಲೆ ಹಾಕಿಬಿಟ್ಟಿದ್ದ. ಅದರ ಮೇಲೆ ಇನ್ನೊಂದಷ್ಟು ಬಿದ್ದವು. ಸಂಜೆ ಅವೆಲ್ಲ ಯಾರದೋ ಮನೆಯ ಬಸುರಿಯ ಕುಬಸಕ್ಕೆ ಹೋಗಬೇಕಿತ್ತಂತೆ. ಅವ್ವನಿಗೆಂದು ಅದೇ ರಾಶಿಯಿಂದ ಒಂದನ್ನು ಕಿತ್ತು ತಂದ. ಎಲ್ಲವೂ ಕೆಂಪು, ಎಲ್ಲವೂ ಒಂದೇ ಅಚ್ಚಿನವು. ಅವ್ವ ಯಾರನ್ನೂ ಕೇಳದೆ ಅದರ ಮೇಲೆ ಕೂತಳು, ತುದಿಗೆ. ಫೋಟೊದವನು ಎಲ್ಲರನ್ನೂ ಹಿಂದೆ ಸಾಲಾಗಿ ನಿಲ್ಲಿಸತೊಡಗಿದ. ಗೌತಮ ಸಾಲಿಗೆ ಹೋಗಲಿಲ್ಲ. ಅವ್ವನ ಮುಂದೆ ಬಂದು, ಉರಿಯುವ ತೊಡೆಗಳನ್ನು ಮಡಚಿ, ಹಲಗೆಯ ಮೇಲೆ ಮೊಣಕಾಲೂರಿ ಬಗ್ಗಿದ.

"ಏನ್ ಹುಡಕಾಕ ಹತ್ತಿ ಕೆಳಗ?" ಎಂದಳು ಅವ್ವ.

"ಕುರ್ಚಿ ಕಾಲ ನೋಡತೇನಿ ಬೇ. ಹಿಂದಕ್ಕ ಒರಗು."

"ಮತ್ತ ಕುಂದರಬ್ಯಾಡ ಅಂದಿ."

"ಅದು ಬ್ಯಾರೆದಿತ್ತು. ಇದರ ಮ್ಯಾಲೆ ಭಾರ ಬಿದ್ರನ ಗೊತ್ತಾಗೂದು. ನಾ ನೋಡಾಕ ಹತ್ತೇನಿ, ನೀ ಒರಗು. ಪೂರ್ತಿ ಒರಗಬೇ."

ಅವಳು ಒಮ್ಮೆ ಹಿಂದೆ ನಿಂತವರನ್ನೂ ಒಮ್ಮೆ ಮುಂದೆ ಅಂಗಳದಲ್ಲಿ ನಿಂತವರನ್ನೂ ನೋಡಿದಳು. ನಂತರ, ಬಿಸಿ ನೀರಿಗೆ ಇಳಿಯುವವಳಂತೆ, ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿದಳು. ಬೆನ್ನು ತಾಕಿತು. ಹೆಗಲು ತಾಕಿತು. ಅವನು ಕೆನ್ನೆ ಹಲಗೆಗೆ ಹತ್ತುವಷ್ಟು ಬಗ್ಗಿ ಮೊದಲ ಕಾಲು ನೋಡಿದ, ಎರಡನೆಯದು ನೋಡಿದ. ಅವಳು ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಚಾಚಿ ಕಾಲು ನೀಡಿದಳು. ಕೆಂಪು ಕೆಂಪಾಗಿಯೇ ಉಳಿಯಿತು. ಇನ್ನೊಂದು ಹಿಂಗಾಲು ನೋಡಲು ಅವನು ಅವಳ ಪಾದಗಳ ಪಕ್ಕಕ್ಕೆ ತಲೆ ತಂದಾಗ ಕ್ಯಾಮೆರಾದ ಬೆಳಕು ಮಿಂಚಿತು.

ಮರುದಿನ ಬೈಲಹೊಂಗಲದಲ್ಲಿ ಕಾಲೇಜಿಗೆ ಹೊರಡುವ ಹೊತ್ತಿಗೆ ಆ ಫೋಟೊ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ‘ತಾಯಿಯ ಪಾದಕ್ಕೆರಗಿದ ವಿಜ್ಞಾನಿ ಮಗ’ ಎಂದು ನಿಜಗುಣಪ್ಪನವರು ಬರೆದಿದ್ದರು. ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ಮೊದಲನೆಯದು ದುಂಡಪ್ಪ ಸಾವಕಾರರದು. ಪ್ರಜ್ಞಾ ನೋಡಿ, "ಅಲ್ಲ ಅಂತ ಬರೀತೀರೇನು?" ಎಂದಳು. ಅವನು ಬರೆಯಲು ಸುರು ಮಾಡಿ, ಅಳಿಸಿ, ಫೋಟೊವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದ. ತನ್ನ ಬೆನ್ನಷ್ಟೇ ಕಾಣುತ್ತಿತ್ತು. ಹಿಂದೆ ಸಾವಕಾರರು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಗುತ್ತಿದ್ದರು. ನಡುವೆ ಅವ್ವ ಕೂತಿದ್ದಳು. ಪಾದದ ಹತ್ತಿರ ಬಿದ್ದ ಮಗನ ಕಡೆ ಅವಳ ಲಕ್ಷ್ಯವೇ ಇರಲಿಲ್ಲ. ತಲೆಯನ್ನೂ ಕುರ್ಚಿಗೆ ಆನಿಸಿ, ಪೂರ್ತಿ ಒರಗಿ, ಎದುರಿಗೆ ನಿಂತ ಊರನ್ನು ನೋಡುತ್ತಿದ್ದಳು.